34ನೇ ನಂಬರಿನ ನೀಲಿ ಷೆವರ್ಲೆ

26 ಮೇ 2025, ಸೋಮವಾರ
ಷಾರ್ಲೆಟ್, ನಾರ್ತ್ ಕ್ಯಾರೊಲಿನಾ

ಇವತ್ತು ಮೆಮೋರಿಯಲ್ ಡೇ ರಜೆ. ನಿನ್ನೆ ಕಾರ್ ರೇಸ್ ನೋಡಿ ಮುಗಿಸಿಕೊಂಡು, ಟ್ರ್ಯಾಕ್ ಇರುವ ಪಕ್ಕದ ಕಾಂಕರ್ಡ್‌ನಿಂದ ಮನೆ ಸೇರುವಾಗ ತುಂಬಾ ತಡವಾಗಿತ್ತು. ಆದರೂ ಬೆಳಗ್ಗೆ ನಿದ್ದೆ ಬರಲಿಲ್ಲ. ಕಾಫಿ ಮಾಡಿಕೊಂಡು ಬಂದು ಗ್ಯಾರೇಜಿನ ಮೇಜಿನ ಮುಂದೆ ಕೂತೆ. ನಾನು ಮಾಡುತ್ತಿರುವ ಪುಟ್ಟ ಮಾಡೆಲ್, ಹಳೆಯ ರೇಸ್ ಡ್ರೈವರ್ ವೆಂಡೆಲ್ ಸ್ಕಾಟ್ ಅವರ ಕಾರು, ಅದರ ಮೈಗೆ ಹೊಡೆದ ಬಣ್ಣ ಪೂರ್ತಿ ಒಣಗಿದೆ. ಇನ್ನು ನಂಬರಿನ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಅಂಟಿಸಬಹುದು.

ಮೊದಲು ನಿನ್ನೆಯ ರೇಸ್ ಬಗ್ಗೆ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಕೆಲಸಕ್ಕೆ ಬಗ್ಗುವುದಿಲ್ಲ.

ಕೋಕಾ-ಕೋಲಾ 600 ಅನ್ನುವುದು ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ಅತಿ ಉದ್ದದ ರೇಸ್. ಒಂದೂವರೆ ಮೈಲಿಯ ಟ್ರ್ಯಾಕಿನಲ್ಲಿ 400 ಸುತ್ತು. ಸಂಜೆ ಬಿಸಿಲಲ್ಲಿ ಶುರುವಾಗಿ ರಾತ್ರಿ ದೀಪದ ಬೆಳಕಲ್ಲಿ ಮುಗಿಯುತ್ತದೆ. ಕತ್ತಲಾಗುತ್ತಾ ಟ್ರ್ಯಾಕ್ ತಣ್ಣಗಾಗುತ್ತದೆ, ಟೈರಿಗೆ ಹಿಡಿತ ಜಾಸ್ತಿಯಾಗುತ್ತದೆ. ಬಿಸಿಲಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರು ರಾತ್ರಿ ತಿರುವಿನಲ್ಲಿ ಮಾತೇ ಕೇಳುವುದಿಲ್ಲ. ರೇಸಿನ ನಡುವೆ ಟೈರು, ಪೆಟ್ರೋಲಿಗೆ ನಿಲ್ಲುವ ಪ್ರತಿ ಪಿಟ್ ಸ್ಟಾಪಿನಲ್ಲೂ ಟೈರಿನ ಗಾಳಿ ಸ್ವಲ್ಪ ಹೆಚ್ಚು ಕಮ್ಮಿ ಮಾಡಿ, ಸ್ಪ್ರಿಂಗಿನ ಬೋಲ್ಟು ಸ್ವಲ್ಪ ತಿರುಗಿಸಿ, ಮತ್ತೆ ಬಿಡುತ್ತಾರೆ. ಸುಮ್ನೆ ಸುತ್ತು ಹೊಡೆಯುವ ಆಟ ಅಂದುಕೊಂಡವರಿಗೆ ಇದೆಲ್ಲ ಕಾಣುವುದಿಲ್ಲ. ನನ್ನ ಜೊತೆ ಬಂದಿದ್ದ ಪುತ್ತೂರಿನ ಗೆಳೆಯ ಮೊದಲ ಗಂಟೆ ಮೊಬೈಲ್ ನೋಡುತ್ತಿದ್ದ. ಮೂರನೇ ಗಂಟೆಗೆ "ಮಾರಾಯಾ, ಈಗ ಇವನು ಒಳಗೆ ಬರ್ತಾನೋ ಇಲ್ವೋ?" ಅಂತ ನನ್ನ ಭುಜ ಅಲ್ಲಾಡಿಸುತ್ತಿದ್ದ.

ವಿಲಿಯಂ ಬೈರನ್ ನಮ್ಮ ಷಾರ್ಲೆಟ್‌ನ ಹುಡುಗ. 283 ಸುತ್ತು ಅವನೇ ಮುಂದಿದ್ದ. ಅವನೇ ಗೆಲ್ಲುತ್ತಾನೆ ಅಂತ ಎಲ್ಲರೂ ಲೆಕ್ಕ ಹಾಕಿದ್ದರು. ಗೆದ್ದಿದ್ದು ರಾಸ್ ಚಾಸ್ಟೇನ್, 40 ಕಾರುಗಳ ಸಾಲಿನಲ್ಲಿ ಕಟ್ಟಕಡೆಗೆ ನಿಂತು ಹೊರಟವನು! ಶನಿವಾರ ಪ್ರಾಕ್ಟೀಸಿನಲ್ಲಿ ಟೈರ್ ಹೋಗಿ ಅವನ ಕಾರು ಗೋಡೆಗೆ ಬಡಿದಿತ್ತು. ತಂಡದವರು ತಡರಾತ್ರಿವರೆಗೂ ಕೂತು ಬ್ಯಾಕಪ್ ಕಾರು ಸಿದ್ಧ ಮಾಡಿದರು. ಆ ಕಾರಿನಲ್ಲೇ ಒಬ್ಬೊಬ್ಬರನ್ನಾಗಿ ದಾಟಿಕೊಂಡು ಬಂದ. ಇನ್ನು 6 ಸುತ್ತು ಇದೆ ಅನ್ನುವಾಗ ಬೈರನ್‌ನನ್ನೂ ದಾಟಿದ. ಚಾಸ್ಟೇನ್ ಮನೆತನದವರು ಫ್ಲಾರಿಡಾದಲ್ಲಿ ಕಲ್ಲಂಗಡಿ ಬೆಳೆಯುತ್ತಾರೆ. ಗೆದ್ದಾಗಲೆಲ್ಲ ಒಂದು ಕಲ್ಲಂಗಡಿ ಎತ್ತಿ ನೆಲಕ್ಕೆ ಬಡಿಯುತ್ತಾನೆ. ನಿನ್ನೆಯೂ ಬಡಿದ. ಇಡೀ ಸ್ಟ್ಯಾಂಡ್ ಎದ್ದು ನಿಂತು ಕೂಗಿತು.

ನನಗೆ ಈ ಆಟದಲ್ಲಿ ಇಷ್ಟವಾಗುವುದೇ ಆ ಶನಿವಾರ ರಾತ್ರಿ ನಡೆಯುವಂಥ ಕೆಲಸ. ಮೇಜಿನ ಮೇಲಿರುವ ಈ ಪುಟ್ಟ ಕಾರನ್ನು ಆರಿಸಿಕೊಂಡಿದ್ದೂ ಅದಕ್ಕೇ.

ವೆಂಡೆಲ್ ಸ್ಕಾಟ್ ವರ್ಜೀನಿಯಾದ ಡ್ಯಾನ್‌ವಿಲ್‌ನವರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ ಆಗಿದ್ದರು. ಟ್ಯಾಕ್ಸಿಯನ್ನೂ ಓಡಿಸಿದ್ದರು, ಕಳ್ಳಭಟ್ಟಿಯನ್ನೂ ಸಾಗಿಸಿದ್ದರು. 1952ರಲ್ಲಿ ರೇಸಿಗೆ ಇಳಿದರು. ಕಪ್ಪು ಜನಾಂಗದ ಡ್ರೈವರ್ ಅಂತ ಎಷ್ಟೋ ಟ್ರ್ಯಾಕುಗಳಲ್ಲಿ ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಬಿಟ್ಟರೂ ಕೆಲವರು ಬೇಕಂತಲೇ ಬಂದು ಗುದ್ದುತ್ತಿದ್ದರು. ದೊಡ್ಡ ಸ್ಪಾನ್ಸರ್ ಯಾರೂ ಸಿಗಲಿಲ್ಲ. ಬೇರೆಯವರು ಓಡಿಸಿ ಬಿಟ್ಟ ಕಾರು, ಬೇರೆಯವರು ಬಳಸಿ ತೆಗೆದ ಟೈರು ತಂದು, ತಾವೇ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ಗಂಡು ಮಕ್ಕಳೇ ಪಿಟ್ ತಂಡ. ಹೀಗೆ 1961ರಿಂದ 1973ರವರೆಗೆ ನಾಸ್ಕಾರ್‌ನ ಅತಿ ಮೇಲಿನ ದರ್ಜೆಯಲ್ಲಿ 495 ರೇಸ್ ಓಡಿದರು. 1966ರಲ್ಲಿ ಇಡೀ ವರ್ಷದ ಅಂಕಪಟ್ಟಿಯಲ್ಲಿ 6ನೇ ಸ್ಥಾನ. ಕೈತುಂಬ ಕೆಲಸದವರಿದ್ದ ಎಷ್ಟೋ ಜನರನ್ನು ಹಿಂದೆ ಹಾಕಿ 6ನೇ ಸ್ಥಾನ. ಅದು ಸಣ್ಣ ಮಾತಲ್ಲ.

ನಾನು ಮಾಡುತ್ತಿರುವುದು ಅವರು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಗೆದ್ದ ಕಾರು. ಷೆವರ್ಲೆ ಬೆಲ್ ಏರ್, ಅದೂ ನೆಡ್ ಜ್ಯಾರೆಟ್ ಅನ್ನುವ ಇನ್ನೊಬ್ಬ ಡ್ರೈವರ್ ಹತ್ತಿರ ಕೊಂಡಿದ್ದು. ಎಎಂಟಿ ಕಂಪನಿಯ 1962ರ ಬೆಲ್ ಏರ್ ಮಾಡೆಲ್ ಕಿಟ್ ತಂದೆ, 1/25 ಅಳತೆ, ಅಂದರೆ ನಿಜವಾದ ಕಾರಿನ 25ರಲ್ಲಿ ಒಂದು ಪಾಲು. ಪೂರ್ತಿ ಜೋಡಿಸಿದರೆ ಸುಮಾರು 21 ಸೆಂಟಿಮೀಟರ್ ಉದ್ದ. ಪೆಟ್ಟಿಗೆಯಲ್ಲಿ ಬರುವುದು ನೇರ ರಸ್ತೆಯಲ್ಲಿ ಓಡುವ ಡ್ರ್ಯಾಗ್ ಕಾರು, ಹಾಗಾಗಿ ಮಾರ್ಪಾಡು ಬಹಳ. ಹಿಂದಿನ ಸೀಟು ತೆಗೆದೆ. ಪ್ಲಾಸ್ಟಿಕ್ ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿ, ಕಾರು ಮಗುಚಿದರೆ ಡ್ರೈವರನ್ನು ಕಾಪಾಡುವ ರೋಲ್ ಬಾರ್ ಕಟ್ಟಿದೆ. ಹೆಡ್‌ಲೈಟ್ ಜಾಗವನ್ನು ತೆಳು ಹಾಳೆಯಿಂದ ಮುಚ್ಚಿದೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಈ ಅಳತೆಯಲ್ಲಿ 0.2 ಮಿಲಿಮೀಟರ್ ದಪ್ಪದ ಬಣ್ಣ ಅಂದರೆ ನಿಜವಾದ ಕಾರಿನ ಮೇಲೆ 5 ಮಿಲಿಮೀಟರ್ ಬಳಿದ ಹಾಗೆ. ಬಾಗಿಲಿನ ಗೆರೆಗಳೇ ಮುಚ್ಚಿಹೋಗುತ್ತವೆ. ಅದಕ್ಕೇ ಮೊದಲೇ ಬ್ಲೇಡಿನ ಹಿಂಬದಿಯಿಂದ ಪ್ರತಿ ಗೆರೆಯನ್ನೂ ಆಳ ಮಾಡಿಕೊಂಡು, ಏರ್‌ಬ್ರಷ್‌ನಲ್ಲಿ ತೆಳ್ಳಗೆ ಹೊಡೆದೆ. ನೀಲಿಗೆ ಸ್ವಲ್ಪ ಬಿಳಿ ಬೆರೆಸಿದ್ದೇನೆ. ಸಣ್ಣ ವಸ್ತುವಿನ ಮೇಲೆ ಯಾವ ಬಣ್ಣವಾದರೂ ಗಾಢವಾಗಿ ಕಾಣುತ್ತದೆ.

ಇವತ್ತು ಬೆಳಗ್ಗೆಯೆಲ್ಲ ಬಾಗಿಲಿನ 34ಕ್ಕೇ ಹೋಯಿತು. ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕಾಗದ ಬಿಡುವವರೆಗೆ ಕಾದು, ಒದ್ದೆ ಕುಂಚದಿಂದ ಮೆಲ್ಲಗೆ ಜಾರಿಸಬೇಕು. ಕೂರಬೇಕಾದ ಕಡೆ ಕೂರಿಸಿದ ಮೇಲೆ ಡೆಕಾಲನ್ನು ಮೆತ್ತಗೆ ಮಾಡುವ ಸಾಫ್ಟನರ್ ದ್ರವ ಹಚ್ಚಬೇಕು. ಹಚ್ಚಿದ ಕೂಡಲೇ ಅಂಕಿ ಪೂರ್ತಿ ಸುಕ್ಕುಗಟ್ಟುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಬೆರಳು ಹಾಕುತ್ತಾರೆ. ಮುಟ್ಟಲೇಬಾರದು. ಒಂದಿಷ್ಟು ಹೊತ್ತು ಬಿಟ್ಟರೆ ಸುಕ್ಕು ತಾನಾಗಿ ಇಳಿದು, ಬಾಗಿಲಿನ ಉಬ್ಬು ತಗ್ಗಿಗೆಲ್ಲ ಅಂಟಿಕೊಂಡು, ಬಣ್ಣದಲ್ಲೇ ಬರೆದ ಹಾಗೆ ಕೂರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಕೂತಿತು. ಮಗಳು ಬಂದು ಕನ್ನಡಕ ಏರಿಸಿಕೊಂಡು ನೋಡಿ, "ಅಪ್ಪಾ, ಇದಕ್ಕೆ ಶೈನಿಂಗ್ ಹಾಕಲ್ವಾ? ಉಳಿದ ಕಾರೆಲ್ಲ ಹೊಳೀತಾವಲ್ಲ" ಅಂದಳು.

ಹಾಕುವುದಿಲ್ಲ. ಮಾಡೆಲ್ ಮಾಡುವ ನಮ್ಮ ಬಳಗದಲ್ಲಿ ಎಲ್ಲ ಕಾರನ್ನೂ ಷೋರೂಮಿನಿಂದ ಈಗಷ್ಟೇ ಇಳಿಸಿದಂತೆ ಮಿರಮಿರ ಮಿಂಚಿಸುವ ಅಭ್ಯಾಸ ಇದೆ. ಹೆಸರಾಂತ ಡ್ರೈವರ್ ರಿಚರ್ಡ್ ಪೆಟ್ಟಿಯ 43ನೇ ನಂಬರಿನ ಕಾರಿಗೆ ಅದು ಸರಿ, ಅವರ ತಂಡಕ್ಕೆ ಹಾಗೆ ಇಟ್ಟುಕೊಳ್ಳುವ ಶಕ್ತಿ ಇತ್ತು. ಸ್ಕಾಟ್ ಕಾರಿಗೆ ಕನ್ನಡಿಯಂಥ ಹೊಳಪು ಕೊಟ್ಟರೆ ಅವರು ಪಟ್ಟ ಪಾಡನ್ನೇ ಒರೆಸಿ ಹಾಕಿದ ಹಾಗೆ. ಮಣ್ಣಿನ ಟ್ರ್ಯಾಕಿನಲ್ಲಿ ಓಡಿದ, ಸೆಕೆಂಡ್ ಹ್ಯಾಂಡ್ ಕಾರು ಅದು. ಅದರ ಟಿಂಕರಿಂಗ್ ಗುರುತು, ಬಾನೆಟ್ಟಿನ ಮೇಲಿನ ಧೂಳು, ಸವೆದ ಟೈರು ಎಲ್ಲ ಕಾಣಬೇಕು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಕಥೆ ಹೇಳಿದೆ.

1963ರ ಡಿಸೆಂಬರ್ 1. ಅರ್ಧ ಮೈಲಿಯ ಟ್ರ್ಯಾಕು. ಆಗೆಲ್ಲ ಸುತ್ತುಗಳನ್ನು ಕೈಯಲ್ಲೇ ಎಣಿಸಿ ಬರೆದುಕೊಳ್ಳುತ್ತಿದ್ದರು. ಸ್ಕಾಟ್ ರಿಚರ್ಡ್ ಪೆಟ್ಟಿಯನ್ನು ದಾಟಿ ಮುಂದೆ ಹೋದರು, ಮುಂದೆಯೇ ಉಳಿದರು. ಆದರೆ ಗೆದ್ದವರು ಅಂತ ಘೋಷಿಸಿದ್ದು ಇನ್ನೊಬ್ಬ ಡ್ರೈವರ್ ಬಕ್ ಬೇಕರ್ ಹೆಸರನ್ನು. ಟ್ರೋಫಿ, ಫೋಟೋ, ಚಪ್ಪಾಳೆ ಎಲ್ಲ ಅವರಿಗೇ ಆಯಿತು. ಗಂಟೆಗಳು ಕಳೆದ ಮೇಲೆ ಅಧಿಕಾರಿಗಳು ಲೆಕ್ಕ ನೋಡಿ, ಗೆದ್ದಿದ್ದು ಸ್ಕಾಟ್, ಅದೂ ಎರಡು ಸುತ್ತು ಮುಂದಿದ್ದು ಗೆದ್ದಿದ್ದಾರೆ ಅಂತ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಜನರೂ ಇರಲಿಲ್ಲ, ಟ್ರೋಫಿಯೂ ಇರಲಿಲ್ಲ.

"ಎರಡು ಸುತ್ತು ಮುಂದಿದ್ದರೆ ಗೊತ್ತಾಗಲ್ವಾ ಅಪ್ಪಾ?"

ಗೊತ್ತಾಗದೇ ಇರುತ್ತದಾ? ಬರಿಯ ಲೆಕ್ಕದ ತಪ್ಪು ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಸ್ಕಾಟ್ 1990ರಲ್ಲಿ ತೀರಿಕೊಂಡರು. 2015ರಲ್ಲಿ ಇದೇ ನಮ್ಮ ಷಾರ್ಲೆಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಆ ರೇಸಿನ ಟ್ರೋಫಿಯನ್ನು ನಾಸ್ಕಾರ್ ಅವರ ಮನೆಯವರಿಗೆ ಕೊಟ್ಟಿದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾದಲ್ಲಿ. ಅದಾಗಿ ಒಂದೂವರೆ ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 4ರಂದು ಟ್ಯಾಲಡೇಗಾದಲ್ಲಿ ಬಬ್ಬಾ ವಾಲೇಸ್ ಗೆದ್ದ. ಅತಿ ಮೇಲಿನ ದರ್ಜೆಯಲ್ಲಿ ಸ್ಕಾಟ್ ನಂತರ ಗೆದ್ದ ಮೊದಲ ಕಪ್ಪು ಡ್ರೈವರ್ ಅವನೇ.

ವಾಲೇಸ್ ಗೆದ್ದ 23ನೇ ನಂಬರಿನ ಕಾರನ್ನೂ ಮಾಡಿ ಇದರ ಪಕ್ಕ ಇಡು ಅಂತ ಮಗಳ ಅಪ್ಪಣೆ ಆಗಿದೆ. ನನಗೂ ಆಸೆಯಿದೆ. ತೊಡಕು ಏನೆಂದರೆ ಈಗಿನ ನಾಸ್ಕಾರ್ ಕಿಟ್‌ಗಳು ಹೆಚ್ಚಾಗಿ 1/24 ಅಳತೆಯವು, ಇದು 1/25. ಪಕ್ಕಪಕ್ಕ ಇಟ್ಟರೆ ಅಳತೆ ಗೊತ್ತಿದ್ದವರ ಕಣ್ಣಿಗೆ ಚುಚ್ಚುತ್ತದೆ. ಬೇರೆ ಬೇರೆ ತಟ್ಟೆಯಲ್ಲಿ ಇಟ್ಟರಾಯಿತು ಅಂದಳು. ಸರಿ ಅಂದೆ.

ಮುಂದಿನ ಭಾನುವಾರ ನ್ಯಾಶ್‌ವಿಲ್ ರೇಸ್, ಅದನ್ನು ಮನೆಯಲ್ಲೇ ನೋಡುವುದು. ಅಷ್ಟರೊಳಗೆ 34ರ ಟೈರುಗಳಿಗೆ ಎಮರಿ ಪೇಪರ್ ಹಿಡಿದು ಹೊಳಪು ತೆಗೆಯಬೇಕು, ಸೀಟ್ ಬೆಲ್ಟ್ ಕತ್ತರಿಸಿ ಅಂಟಿಸಬೇಕು. ಧೂಳಿಗೆ ಚಾಕ್ ಪುಡಿ ಅರೆದಿಟ್ಟಾಗಿದೆ.