‘ಹೆಮಿನೇ ಅಲ್ವಾ ಫಾಸ್ಟು?’ ಅಂತ ಕೇಳುವವರಿಗೆ

ನಾನು ಇರುವುದು ಡೆಟ್ರಾಯ್ಟ್ ಪಕ್ಕ. ಕೆಲಸ ಕಾರುಗಳದ್ದು. ಇಷ್ಟು ಗೊತ್ತಾದರೆ ಸಾಕು, ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತಿರುವಾಗಲೇ ಯಾರಾದರೂ ಕೇಳುತ್ತಾರೆ: ‘ಹಳೇ ಅಮೆರಿಕನ್ ಮಸಲ್ ಕಾರುಗಳಲ್ಲಿ ಹೆಮಿ ಎಂಜಿನ್ನೇ ಎಲ್ಲಕ್ಕಿಂತ ಫಾಸ್ಟು, ಅಲ್ವಾ? ಬೀದಿ ರೇಸಿನಲ್ಲಿ ಅದನ್ನು ಸೋಲಿಸೋರೇ ಇರಲಿಲ್ಲವಂತೆ?’ ಮಸಲ್ ಕಾರು ಎಂದರೆ ಅರವತ್ತು-ಎಪ್ಪತ್ತರ ದಶಕದ, ದೊಡ್ಡ ಎಂಜಿನ್ನಿನ ವೇಗದ ಕಾರು. ಈ ಪ್ರಶ್ನೆ ಊರಿಗೆ ಬಂದರೂ ತಪ್ಪಿದ್ದಲ್ಲ. ಹೋದ ಸಲ ಒಂದು ಗೃಹಪ್ರವೇಶದಲ್ಲಿ ಮೂರು ಜನ ಕೇಳಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಆ ‘ಅಲ್ವಾ’ ಬಗ್ಗೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದಕ್ಕೆ. ‘ಯಾವುದು ಫಾಸ್ಟು?’ ಎಂದು ಕೇಳಿ, ಅರ್ಧ ಗಂಟೆ ಖುಷಿಯಿಂದ ಮಾತಾಡುತ್ತೇನೆ. ‘ಹೆಮಿನೇ ಅಲ್ವಾ?’ ಎಂದರೆ ಉತ್ತರ ನೀವೇ ಹೇಳಿಯಾಯಿತು. ನನ್ನಿಂದ ಬೇಕಿರುವುದು ಒಂದು ‘ಹೂಂ’ ಮಾತ್ರ. ನಾನು ‘ಅಲ್ಲ’ ಎಂದ ಕೂಡಲೇ ಕೇಳಿದವರ ಮುಖ ಸಣ್ಣಗಾಗುತ್ತದೆ.

ಆದರೂ ಹೇಳುತ್ತೇನೆ: ಅಲ್ಲ. ಶೋರೂಮಿನಿಂದ ಬಂದ ಹಾಗೇ ಇರುವ ಕಾರು, ಮಾಮೂಲಿ ಟೈರು, ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಓಟ. ಈ ಲೆಕ್ಕದಲ್ಲಿ ಹೆಮಿಗೆ ಕಿರೀಟ ಕೊಡಲು ನಾನು ಸಿದ್ಧನಿಲ್ಲ.

ಆ ಎಂಜಿನ್ ಹುಟ್ಟಿದ್ದೇ ಸಿಗ್ನಲ್ಲಿಗಾಗಿ ಅಲ್ಲ. ಕ್ರೈಸ್ಲರ್ ಕಂಪನಿ 426 ಘನ ಇಂಚಿನ, ಅಂದರೆ 7 ಲೀಟರಿನ, ಹೆಮಿಯನ್ನು ಮಾಡಿದ್ದು ಓವಲ್, ಅಂದರೆ ಮೊಟ್ಟೆಯಾಕಾರದ, ರೇಸ್ ಟ್ರ್ಯಾಕಿಗೆ. 1964ರ ಫೆಬ್ರವರಿಯಲ್ಲಿ ಡೇಟೋನಾ 500 ರೇಸಿನಲ್ಲಿ ರಿಚರ್ಡ್ ಪೆಟ್ಟಿ ಅದರಲ್ಲಿ ಗೆದ್ದರು. ಮೊದಲ ಮೂರೂ ಸ್ಥಾನ ಹೆಮಿ ಇದ್ದ, ಕ್ರೈಸ್ಲರ್‌ನದೇ ಆದ ಪ್ಲಿಮತ್ ಕಾರುಗಳಿಗೇ ಹೋದವು. ಜನ ಕೊಳ್ಳುವ ಕಾರಿನಲ್ಲಿ ಈ ಎಂಜಿನ್ ಸಿಗುವುದೇ ಇಲ್ಲವಲ್ಲ ಎಂದು ಆ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯವರು 1965ಕ್ಕೆ ಅದನ್ನು ಹೊರಗಿಟ್ಟರು. ಕಂಪನಿ 1966ರಲ್ಲಿ ಅದನ್ನು ರಸ್ತೆ ಕಾರಿಗೂ ಹಾಕಿತು. ಅದೇ ‘ಸ್ಟ್ರೀಟ್ ಹೆಮಿ’. ರೇಸಿಗೆ ಮತ್ತೆ ಬರಲು ಬೇಕಿದ್ದ ರಹದಾರಿ ಅದು.

ಹೆಮಿ ಎಂದರೆ ಅರ್ಧಗೋಳ. ಪಿಸ್ಟನ್ ಮೇಲೆ ಪೆಟ್ರೋಲ್ ಉರಿಯುವ ಜಾಗ ಬೋಗುಣಿ ಕವುಚಿಟ್ಟ ಹಾಗಿರುತ್ತದೆ. ಗಾಳಿ ಒಳಗೆ ಬರುವ ವಾಲ್ವು ಒಂದು ಕಡೆ, ಹೊಗೆ ಹೊರಗೆ ಹೋಗುವ ವಾಲ್ವು ಎದುರು ಕಡೆ, ಎರಡೂ ದೊಡ್ಡವು. ಹೆಚ್ಚು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ಜೋರಾಗಿ ಸುತ್ತುವಾಗ, ಅದು ಉಸಿರಾಡುವ ರೀತಿಗೆ ನಾನೂ ತಲೆಬಾಗುತ್ತೇನೆ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಅಷ್ಟು ದೊಡ್ಡ ದಾರಿಯಲ್ಲಿ ಗಾಳಿ ನಿಧಾನವಾಗಿ ಹೋಗುತ್ತದೆ. ಸಿಗ್ನಲ್ ಹಸಿರಾದ ಮೊದಲ ಎರಡು ಸೆಕೆಂಡಿಗೆ ಬೇಕಾದ ಪಿಕಪ್ ಸಿಗುವುದಿಲ್ಲ. ಜೊತೆಗೆ ಗಾಳಿಗೆ ಪೆಟ್ರೋಲ್ ಬೆರೆಸುವ, ನಾಲ್ಕು ಬಾಯಿಯ ಕಾರ್ಬುರೇಟರ್ ಎರಡು. ಅವೆರಡನ್ನೂ ಹೊಂದಿಸಲು ಪಳಗಿದ ಕೈ ಬೇಕು. ಪೇಟೆಯಲ್ಲಿ ನಿಧಾನಕ್ಕೆ ಓಡಿಸಿದರೆ ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ಬೆಲೆ ನೋಡಿ: 1968ರ ಪ್ಲಿಮತ್ ರೋಡ್ ರನ್ನರ್ ಕಾರು 2,896 ಡಾಲರ್‌ಗೆ ಸಿಗುತ್ತಿತ್ತು, ಹೆಮಿ ಬೇಕೆಂದರೆ ಇನ್ನೂ 714 ಡಾಲರ್. ಮರುವರ್ಷ ಅದೇ ಕಂಪನಿ 440 ಘನ ಇಂಚಿನ ಎಂಜಿನ್ನಿಗೆ ಮೂರು ಕಾರ್ಬುರೇಟರ್ ಇಟ್ಟು ಕಡಿಮೆ ಬೆಲೆಗೆ ಕೊಟ್ಟಿತು. ಕೆಳಗಿನಿಂದಲೇ ಎಳೆಯುವ ಎಂಜಿನ್ ಅದು. ಸಿಗ್ನಲ್‌ನಲ್ಲಿ ಹೆಮಿ ಪಕ್ಕ ನಿಲ್ಲಲು ಅದಕ್ಕೆ ಯಾವ ಹೆದರಿಕೆಯೂ ಇರಲಿಲ್ಲ.

ನನ್ನ ಭಾವನಿಗೆ ಇದನ್ನೆಲ್ಲ ಹೇಳಿದ್ದೆ. ಹಾಸನದಿಂದ ಬೇಸಿಗೆ ರಜೆಗೆ ಬಂದಿದ್ದರು. ಆಗಸ್ಟ್ ಮೂರನೇ ಶನಿವಾರ ಅವರನ್ನು ವುಡ್‌ವರ್ಡ್ ಅವೆನ್ಯೂಗೆ ಕರೆದುಕೊಂಡು ಹೋದೆ. ಡೆಟ್ರಾಯ್ಟ್ ನದಿಯ ದಡದಿಂದ ಪಾಂಟಿಯಾಕ್ ಊರಿನವರೆಗೆ ಸುಮಾರು 27 ಮೈಲಿ ಓಡುವ ರಸ್ತೆ. ಅಗಲ, ನೇರ, ದೂರ ದೂರಕ್ಕೆ ಸಿಗ್ನಲ್. ಅರವತ್ತರ ದಶಕದಲ್ಲಿ ಹುಡುಗರು ಟೆಡ್ಸ್, ಟೋಟೆಮ್ ಪೋಲ್ ಎಂಬ ಡ್ರೈವ್-ಇನ್ ಹೋಟೆಲುಗಳಲ್ಲಿ ಸೇರಿ, ಅಲ್ಲಿಂದ ಹೊರಟು ರೇಸ್ ಹಚ್ಚುತ್ತಿದ್ದರು. ಕಾನೂನಿಗೆ ವಿರುದ್ಧವೇ. ಆದರೆ ಕಾರು ಕಂಪನಿಗಳ ಎಂಜಿನಿಯರುಗಳೂ ಇದೇ ರಸ್ತೆಯ ಆಸುಪಾಸಿನಲ್ಲಿದ್ದವರು. ಯಾವ ಎಂಜಿನ್ ಯಾವುದನ್ನು ಸೋಲಿಸಿತು ಎಂಬ ಸುದ್ದಿ ಬೆಳಗಾಗುವಷ್ಟರಲ್ಲಿ ಕಾರ್ಖಾನೆ ತಲುಪುತ್ತಿತ್ತು. 1995ರಿಂದ ಅಲ್ಲಿ ವರ್ಷಕ್ಕೊಮ್ಮೆ ಹಳೆ ಕಾರುಗಳ ಜಾತ್ರೆ ನಡೆಯುತ್ತದೆ. ಅದನ್ನು ತೋರಿಸಲು ಹೋಗಿದ್ದು.

ಒಬ್ಬರು ಅಜ್ಜ ಬಾನೆಟ್ ಎತ್ತಿಟ್ಟು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ 1970ರ ಬ್ಯೂಯಿಕ್ ಜಿಎಸ್ 455, ಅದರಲ್ಲೂ ಹೆಚ್ಚು ಪವರಿನ ಸ್ಟೇಜ್ 1 ಮಾದರಿ. ನನ್ನ ಭಾವ ನೇರ ಹೋಗಿ ಕೇಳಿದರು: ‘ಇದು ಹೆಮಿನಾ?’

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆಮಿ ಕ್ರೈಸ್ಲರ್‌ನದು, ಬ್ಯೂಯಿಕ್ ಎದುರಾಳಿ ಕಂಪನಿಯದು. ಬ್ಯೂಯಿಕ್ ಇಟ್ಟುಕೊಂಡವರನ್ನು ಕೇಳಬಾರದ ಪ್ರಶ್ನೆ ಅದು. ಅಜ್ಜ ಸಿಟ್ಟಾಗಲಿಲ್ಲ. ಎದ್ದು ನಿಂತರು. ‘ಹೆಮಿಗಳು ಇದರ ಹಿಂದಿನ ನಂಬರ್ ಪ್ಲೇಟ್ ನೋಡಿವೆ’ ಎಂದರು. ಭಾವ ನನ್ನ ಮುಖ ನೋಡಿದರು. ನಾನು ಕಾರಿನಲ್ಲಿ ಬರುವಾಗ ಹೇಳಿದ್ದನ್ನೇ ಅವರೂ ಹೇಳಿದ್ದು, ಆದರೆ ಈ ಸಲ ನಂಬಿದರು!

ಬ್ಯೂಯಿಕ್ ಎಂದರೆ ಡಾಕ್ಟರು, ಬ್ಯಾಂಕ್ ಮ್ಯಾನೇಜರು ಓಡಿಸುವ ಸಭ್ಯ ಕಾರು ಎಂಬ ಹೆಸರಿತ್ತು. ಕಂಪನಿ ಕಾಗದದಲ್ಲಿ ಬರೆದಿದ್ದು ಬರೀ 360 ಹಾರ್ಸ್‌ಪವರ್. ಹೆಮಿಗೆ 425. ಇಲ್ಲೇ ನಮ್ಮವರೆಲ್ಲ ಲೆಕ್ಕ ಮುಗಿಸಿಬಿಡುತ್ತಾರೆ. ಆದರೆ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ನೋಡಿ: ಬ್ಯೂಯಿಕ್‌ಗೆ 510 ಪೌಂಡ್-ಅಡಿ, ಅದೂ 2,800 ಆರ್‌ಪಿಎಂನಲ್ಲೇ. ಹೆಮಿಗೆ 490, ಅದಕ್ಕಿಂತ ಮೇಲೆ ಹೋದ ಮೇಲೆ. ಮೋಟರ್ ಟ್ರೆಂಡ್ ಪತ್ರಿಕೆಯವರು 1970ರಲ್ಲಿ ಸ್ಟೇಜ್ 1 ಓಡಿಸಿ ನೋಡಿದಾಗ ಕಾಲು ಮೈಲಿಗೆ 13.38 ಸೆಕೆಂಡು ತೆಗೆದುಕೊಂಡಿತು. ಆಗಿನ ಶೋರೂಮ್ ಕಾರಿಗೆ ಅದು ದೊಡ್ಡ ಮಾತು.

ಹಾಗಾದರೆ 360 ಎಂಬುದು ಸುಳ್ಳೇ? ಆ ಕಾಲದ ಹಾರ್ಸ್‌ಪವರ್ ಅಂಕಿಯನ್ನು ನಾನಂತೂ ಎದುರಿಟ್ಟು ಹೋಲಿಸುವುದಿಲ್ಲ. ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಏರ್ ಫಿಲ್ಟರ್ ಇಲ್ಲದೆ, ಸೈಲೆನ್ಸರ್ ಇಲ್ಲದೆ ಅಳೆಯುತ್ತಿದ್ದರು. ಕಾರಿನಲ್ಲಿ ಇರುವ ಹಾಗೆಯೇ ಅಳೆದ ಅಂಕಿ ಎಲ್ಲ ಕಂಪನಿಗಳಿಂದ ಬಂದಿದ್ದು 1972ರ ಮಾಡೆಲ್‌ಗಳಿಂದ. 1971ರಲ್ಲಿ ಕ್ರೈಸ್ಲರ್ ಎರಡನ್ನೂ ಕೊಟ್ಟಿತ್ತು: ಅದೇ ಹೆಮಿ ಒಂದು ಲೆಕ್ಕದಲ್ಲಿ 425, ಇನ್ನೊಂದರಲ್ಲಿ 350. ಕೆಲವರು ಬೇಕೆಂದೇ ಕಡಿಮೆ ಬರೆಯುತ್ತಿದ್ದರು. ಪವರ್ ಜಾಸ್ತಿ ಎಂದರೆ ವಿಮೆ ಕಂಪನಿ ಜಾಸ್ತಿ ದುಡ್ಡು ಕೇಳುತ್ತಿತ್ತು, ನೇರ ದಾರಿಯಲ್ಲಿ ಎರಡೆರಡೇ ಕಾರು ಓಡುವ ಡ್ರ್ಯಾಗ್ ರೇಸಿನಲ್ಲಿ ಮೇಲಿನ ವರ್ಗಕ್ಕೆ ಹಾಕುತ್ತಿದ್ದರು. ಫೋರ್ಡ್ ತನ್ನ 428 ಕೋಬ್ರಾ ಜೆಟ್‌ಗೆ 335 ಎಂದು ಬರೆದಿತ್ತು. ಆ ಎಂಜಿನ್ನಿನ ಮಸ್ಟಾಂಗ್ 1968ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದ ಡ್ರ್ಯಾಗ್ ರೇಸಿನಲ್ಲಿ ಸೂಪರ್ ಸ್ಟಾಕ್ ಎಂಬ ವರ್ಗದ ಪ್ರಶಸ್ತಿಯನ್ನೇ ಹೊಡೆಯಿತು. ಪಾಂಟಿಯಾಕ್ ಕಂಪನಿಯ ಜಿಟಿಓ ಕಾರಿನದು ಇನ್ನೊಂದು ಕಥೆ. ಪತ್ರಿಕೆಯ ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ 389ರ ಬದಲು 421 ಘನ ಇಂಚಿನ ಎಂಜಿನ್ ಕೂರಿಸಿದ್ದೆವು ಎಂದು ಅದರ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ವರ್ಷಗಳ ನಂತರ ಒಪ್ಪಿಕೊಂಡರು. ಆ ಪರೀಕ್ಷೆ ಓದಿ ಎಷ್ಟು ಹುಡುಗರು ಸಾಲ ಮಾಡಿ ಜಿಟಿಓ ಕೊಂಡರೋ. ನನಗೆ ಅದು ಈಗಲೂ ಬೇಸರ ತರಿಸುತ್ತದೆ.

ಹೆಮಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ, ಅದೂ ಹೇಳಲೇಬೇಕು. ವುಡ್‌ವರ್ಡ್‌ನಲ್ಲಿ ಜಿಮ್ಮಿ ಆಡಿಸನ್ ಎಂಬವರ ‘ಸಿಲ್ವರ್ ಬುಲೆಟ್’ ಇತ್ತು. 1967ರ ಪ್ಲಿಮತ್ ಜಿಟಿಎಕ್ಸ್. ಅದನ್ನು ಮುಟ್ಟುವವರಿರಲಿಲ್ಲ. ಆದರೆ ಅದರ ಹೆಮಿ 426 ಅಲ್ಲ, 487 ಘನ ಇಂಚಿಗೆ ಹಿಗ್ಗಿಸಿದ್ದು, ಕಾರಿನ ಮೈಯನ್ನೂ ಹಗುರ ಮಾಡಿದ್ದರು. ಗೆದ್ದದ್ದು ಶೋರೂಮಿನ ಎಂಜಿನ್ ಅಲ್ಲ, ಆ ಮೆಕ್ಯಾನಿಕ್‌ಗಳ ಕೈ. ಇನ್ನೊಂದು ‘ಬ್ಲ್ಯಾಕ್ ಘೋಸ್ಟ್’, 1970ರ ಕಪ್ಪು ಡಾಡ್ಜ್ ಚಾಲೆಂಜರ್, ಅದರಲ್ಲೂ ಹೆಮಿಯೇ. ರಾತ್ರಿ ಎಲ್ಲಿಂದಲೋ ಬರುತ್ತಿತ್ತು, ಗೆಲ್ಲುತ್ತಿತ್ತು, ಮಾಯವಾಗುತ್ತಿತ್ತು. ಓಡಿಸುತ್ತಿದ್ದವರು ಗಾಡ್‌ಫ್ರೀ ಕ್ವಾಲ್ಸ್, ಡೆಟ್ರಾಯ್ಟ್ ಪೊಲೀಸ್ ಇಲಾಖೆಯವರು. ಕೆಲಸ ಹೋಗಬಹುದೆಂದು ಅವರು ನಿಂತು ಮಾತಾಡುತ್ತಿರಲಿಲ್ಲ. ಬಾನೆಟ್ ತೆಗೆದು ತೋರಿಸದ ಕಾರಿನ ಬಗ್ಗೆ ಜನ ಏನು ಬೇಕಾದರೂ ಕಟ್ಟುತ್ತಾರೆ. 2023ರಲ್ಲಿ ಆ ಕಾರು 10 ಲಕ್ಷ ಡಾಲರ್‌ಗೂ ಮೇಲೆ ಹರಾಜಾಯಿತು.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಈಗ ನನ್ನದು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ: ಆ ಕಾರುಗಳು ನಿಲ್ಲುತ್ತಿದ್ದದ್ದು ಹೇಗೆ?

ನಾನು ಬ್ರೇಕ್ ಎಂಜಿನಿಯರ್. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. 1,700 ಕೆಜಿಯ ಕಾರು ಗಂಟೆಗೆ 100 ಮೈಲಿ ವೇಗದಿಂದ ನಿಲ್ಲಬೇಕಾದರೆ ಬ್ರೇಕ್ ನುಂಗಬೇಕಾದ ಶಾಖ ಎಷ್ಟು ಗೊತ್ತಾ? ಐದು ಲೀಟರ್ ತಣ್ಣೀರು ಕುದಿ ಬರುವಷ್ಟು. ಕೆಲವೇ ಸೆಕೆಂಡಿನಲ್ಲಿ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 1964ರ ಜಿಟಿಓದಲ್ಲಿ ಇದಕ್ಕೆ ಕೊಟ್ಟಿದ್ದು ನಾಲ್ಕೂ ಚಕ್ರಕ್ಕೆ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕ್. 1966ರ ಹೆಮಿ ಕಾರಿಗೂ ಡ್ರಮ್ಮೇ. ಡಿಸ್ಕ್ ಬೇಕೆಂದರೆ ಬೇರೆ ದುಡ್ಡು. ಡ್ರಮ್ ಬಿಸಿಯಾದರೆ ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಲೈನರ್‌ನಿಂದ ದೂರ ಸರಿಯುತ್ತದೆ. ಲೈನರ್ ಕೂಡ ಹಿಡಿತ ಬಿಡುತ್ತದೆ. ಕಾಲು ಒತ್ತಿದಷ್ಟೂ ಪೆಡಲ್ ಕೆಳಗೆ ಹೋಗುತ್ತದೆ, ಕಾರು ಮುಂದೆ ಹೋಗುತ್ತದೆ. 1964ರ ಆ ಜಿಟಿಓದಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಒಂದೇ ದಾರಿಯದ್ದು. ಒಂದು ಪೈಪು ಒಡೆದರೆ ನಾಲ್ಕು ಬ್ರೇಕೂ ಹೋದ ಹಾಗೆ.

1965ರಲ್ಲಿ ನಾಸ್ಕಾರ್ ಬಿಟ್ಟು ಡ್ರ್ಯಾಗ್ ರೇಸಿಗೆ ಇಳಿದಿದ್ದ ಪೆಟ್ಟಿಯ ಕಾರು ಜಾರ್ಜಿಯಾದ ಒಂದು ಟ್ರ್ಯಾಕಿನಲ್ಲಿ ಹಿಡಿತ ತಪ್ಪಿ ಜನರ ನಡುವೆ ಹೋಯಿತು. ಎಂಟು ವರ್ಷದ ಹುಡುಗ ಸತ್ತ. ಅದು ರೇಸಿಗೆಂದೇ ಕಟ್ಟಿದ ಜಾಗ, ಓಡಿಸಿದವರು ದೇಶದ ದೊಡ್ಡ ಚಾಲಕ. ವುಡ್‌ವರ್ಡ್‌ನಲ್ಲಿ ಓಡಿಸುತ್ತಿದ್ದವರು ಹದಿನೆಂಟರ ಹುಡುಗರು. ಅಡ್ಡ ರಸ್ತೆಯಿಂದ ಯಾರೋ ರಾತ್ರಿ ಪಾಳಿ ಮುಗಿಸಿ ಬರುತ್ತಿರುತ್ತಾರೆ. ನನಗೆ ಆ ಎಂಜಿನ್ನುಗಳ ಮೇಲೆ ನಿಮಗಿಂತ ಕಡಿಮೆ ಪ್ರೀತಿ ಇಲ್ಲ. ಆದರೆ ‘ಬೀದಿ ರೇಸಿನ ರಾಜ’ ಎಂದಾಗಲೆಲ್ಲ ನನಗೆ ಆ ಅಡ್ಡ ರಸ್ತೆ ಕಣ್ಣಿಗೆ ಬರುತ್ತದೆ.

ಬ್ಯೂಯಿಕ್ ಅಜ್ಜನನ್ನು ನಾನು ಬ್ರೇಕ್ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಡಿಕ್ಕಿ ತೆಗೆದು ಗೋಣಿಯಲ್ಲಿ ಸುತ್ತಿಟ್ಟಿದ್ದ ಒಂದು ಹಳೇ ಡ್ರಮ್ ತೋರಿಸಿದರು. ಒಂದು ರಾತ್ರಿ ಕೆಂಪು ಸಿಗ್ನಲ್‌ನಲ್ಲಿ ಎರಡೂ ಕಾಲು ಪೆಡಲ್ ಮೇಲಿಟ್ಟರೂ ಕಾರು ನಿಲ್ಲದೆ ಅಡ್ಡ ರಸ್ತೆ ದಾಟಿ ಹೋಯಿತಂತೆ. ಆ ಹೊತ್ತಿಗೆ ಯಾರೂ ಬರಲಿಲ್ಲ. ಮರುವಾರವೇ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದರು. ಆಮೇಲೆ ರೇಸಿಗೆ ಇಳಿಯಲಿಲ್ಲ.

ಎರಡು ವರ್ಷ ಬಿಟ್ಟು ಅದೇ ಜಾಗದಲ್ಲಿ ಸಿಕ್ಕಾಗ ಆ ಡ್ರಮ್ಮನ್ನು ನನಗೇ ಕೊಟ್ಟರು. ಈಗ ನಮ್ಮ ಮನೆಯ ಗ್ಯಾರೇಜಿನಲ್ಲಿದೆ. ಒಳಗಿನ ಮೈಯಲ್ಲಿ ಬಿಸಿಗೆ ನೀಲಿಗಟ್ಟಿದ ಕಲೆಗಳಿವೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳಿವೆ. ಉಗುರು ಇಟ್ಟು ಎಳೆದರೆ ತಾಗುತ್ತವೆ. ಬನ್ನಿ, ತೋರಿಸುತ್ತೇನೆ.