ಐನ್‌ಮನೆ ನಕ್ಷೆ: ಈ ಸಲ ಗೆರೆಗಿಂತ ಕಾವಲೇ ಜಾಸ್ತಿ

ಕೊಡಗಿನ ನಾಪೋಕ್ಲು ಕಡೆಯ ಗೆಳೆಯನ ಐನ್‌ಮನೆಯನ್ನು, ಅಂದರೆ ಕೊಡವ ಕುಟುಂಬದ ಮೂಲಮನೆಯನ್ನು, ಅಳೆದು ಕಂಪ್ಯೂಟರ್‌ನಲ್ಲಿ ನಕ್ಷೆ ಎಳೆಯುವ ಆಟೋಕ್ಯಾಡ್‌ನಲ್ಲಿ ಬರೆಯುತ್ತಿದ್ದೇನಲ್ಲ, ಅದರ ಪ್ಲ್ಯಾನ್ ಮುಗಿದಿದೆ. ಕಯ್ಯಾಲೆಯ (ಮುಂದಿನ ಜಗುಲಿ) ಕಂಬಗಳು, ಕಂಬಗಳ ನಡುವೆ ಕೂರೋಕೆ ಇರುವ ಅಯ್ಮರದ ಹಲಗೆ, ಒಳಗಿನ ನೆಲ್ಲಕ್ಕಿ ನಡುಬಾಡೆ (ನಡುಮನೆ) ಎಲ್ಲ ಜಾಗಕ್ಕೆ ಕೂತಿವೆ. ಮುಂಭಾಗದ ಎಲಿವೇಶನ್, ಅಂದರೆ ಎದುರಿಂದ ಕಾಣುವ ನೋಟದ ನಕ್ಷೆ, ಅರ್ಧದಲ್ಲಿದೆ. ಅದನ್ನು ಅಲ್ಲಿಗೇ ಬಿಟ್ಟು, ಎಳೆದದ್ದನ್ನು ಉಳಿಸಿಕೊಳ್ಳುವ ಏರ್ಪಾಡಿಗೆ ಕೂತೆ.

ಮಳೆಗಾಲದಲ್ಲಿ ಇಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಸಾಕು, ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ. ನನ್ನದು ಡೆಸ್ಕ್‌ಟಾಪ್. ಯುಪಿಎಸ್ ಇದೆ. ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತೆ, ಅದೂ ಬ್ಯಾಟರಿ ಚೆನ್ನಾಗಿದ್ದರೆ.

"ಆಟೋಸೇವ್ ಇದೆಯಲ್ಲೋ" ಅಂದ ಗೆಳೆಯ. ಇದೆ. ಅದು ಎಲ್ಲಿ ಇಡುತ್ತೆ, ಯಾವಾಗ ಅಳಿಸುತ್ತೆ ಅಂತ ನೋಡದೆ ಸುಮ್ನೆ ನಂಬೋದು ಹೇಗೆ? ಪ್ಲ್ಯಾನ್‌ನ ಒಂದು ಕಾಪಿ ತೆಗೆದು ಬೇಕಂತಲೇ ಕೆಡಿಸಿ ನೋಡಿದೆ. ಪ್ಲಗ್ ಕೀಳೋಕೆ ಮನಸ್ಸು ಬರಲಿಲ್ಲ, ಹಾರ್ಡ್ ಡಿಸ್ಕ್ ಪಾಪ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಡ್ ಟಾಸ್ಕ್ ಕೊಟ್ಟೆ.

ಎಷ್ಟು ಹೊತ್ತಿಗೊಮ್ಮೆ ಆಟೋಸೇವ್ ಆಗಬೇಕು ಅನ್ನೋ ಸೇವ್‌ಟೈಮ್ ಸೆಟ್ಟಿಂಗ್ ಮೊದಲಿಗೆ 10 ನಿಮಿಷಕ್ಕೆ ಇರುತ್ತೆ. ಲೆಕ್ಕ ಶುರುವಾಗೋದು ಡ್ರಾಯಿಂಗ್‌ನಲ್ಲಿ ಏನಾದರೂ ಬದಲಿಸಿದ ಮೇಲೆ. ನಾವೇ ಸೇವ್ ಕೊಟ್ಟರೆ ಮತ್ತೆ ಮೊದಲಿಂದ. ಅಯ್ಮರದ ಅಂಚಿಗೆ ಡೈಮೆನ್ಷನ್ (ಅಳತೆಯ ಗುರುತು) ಹಾಕಿ, ಸ್ವಲ್ಪ ಹೊತ್ತಿಗೇ ಎಂಡ್ ಟಾಸ್ಕ್ ಕೊಟ್ಟಾಗ ಏನೂ ಸಿಗಲಿಲ್ಲ. ಇನ್ನೊಮ್ಮೆ ಹೊತ್ತು ಮೀರಿ ಕೆಲಸ ಮಾಡಿ ಕೊಂದೆ. ಮತ್ತೆ ತೆರೆದಾಗ ಡ್ರಾಯಿಂಗ್ ರಿಕವರಿಯ ಪಟ್ಟಿಯಲ್ಲಿ ಮೂಲ ಫೈಲ್, ಬ್ಯಾಕಪ್, ಆಟೋಸೇವ್ ಮೂರೂ ಬಂದವು. ಪಕ್ಕದಲ್ಲಿದ್ದ ಸಮಯ ನೋಡಿ ಹೊಸದನ್ನು ತೆರೆದೆ. ಡೈಮೆನ್ಷನ್ ಅಲ್ಲೇ ಇತ್ತು.

ಆಮೇಲೆ ಕಂಡದ್ದೇ ಮುಖ್ಯ. ಡ್ರಾಯಿಂಗ್ ಮುಚ್ಚುವಾಗ "ಸೇವ್ ಮಾಡಲಾ?" ಅಂತ ಕೇಳುತ್ತಲ್ಲ, ಅದಕ್ಕೆ ನೋ ಒತ್ತಿ ನೋಡಿದೆ. ಆಟೋಸೇವ್ ಫೈಲೂ ಹೋಯ್ತು. ಪ್ರೋಗ್ರಾಂ ಅಥವಾ ಕಂಪ್ಯೂಟರ್ ಅರ್ಧಕ್ಕೆ ನಿಂತರೆ ಮಾತ್ರ ಅದು ಉಳಿಯುತ್ತೆ. ಸರಿಯಾಗಿ ಮುಚ್ಚಿದರೆ ತಾನೇ ಅಳಿಸಿಕೊಳ್ಳುತ್ತೆ. ಅಂದರೆ ಅದು ಕರೆಂಟ್ ಹೋಗೋದಕ್ಕೆ ಔಷಧಿ, ಕೈತಪ್ಪಿಗೆ ಅಲ್ಲ.

ಅದು ಕೂರೋದು ವಿಂಡೋಸ್‌ನ ಟೆಂಪ್ ಫೋಲ್ಡರ್‌ನಲ್ಲಿ. ಡಿಸ್ಕ್ ತುಂಬಿತು ಅಂತ ಕ್ಲೀನ್ ಮಾಡುವಾಗ ನಾವು ಮೊದಲು ಗುಡಿಸೋದೇ ಆ ಜಾಗ ಅಲ್ವಾ? ಆಟೋಸೇವ್‌ನ ಜಾಗ ಹೇಳುವ ಸೇವ್‌ಫೈಲ್‌ಪಾತ್ ಸೆಟ್ಟಿಂಗ್ ಬದಲಿಸಿ ನನ್ನದೇ ಒಂದು ಫೋಲ್ಡರ್ ಕೊಟ್ಟೆ. ಸೇವ್‌ಟೈಮ್ 5ಕ್ಕೆ ಇಳಿಸಿದೆ. ಫೈಲ್ ಹೆಸರಿನ ಕೊನೆಗೆ 'ಎಸ್‌ವಿ ಡಾಲರ್' ಇರುತ್ತೆ, ಅದನ್ನು 'ಡಿಡಬ್ಲ್ಯುಜಿ' ಮಾಡಿದರೆ ಮಾಮೂಲಿ ಡ್ರಾಯಿಂಗ್ ಹಾಗೆ ತೆರೆಯುತ್ತೆ. ಹೆಸರು ಬದಲಿಸೋ ಮುಂಚೆ ಬೇರೆ ಕಡೆ ಒಂದು ಕಾಪಿ ಇಟ್ಟುಕೊಳ್ಳಿ.

'ಬ್ಯಾಕ್' ಫೈಲ್ ಬೇರೆ ಜಾತಿ. ಪ್ರತಿ ಸೇವ್‌ಗೂ ಹಿಂದಿನ ಆವೃತ್ತಿ ಅದಕ್ಕೆ ಹೋಗುತ್ತೆ, ಹಿಂದಿನದು ಒಂದೇ ಒಂದು. ಕಾಪಿಯಲ್ಲಿ ಕಂಬಗಳನ್ನೆಲ್ಲ ಅಳಿಸಿ ಒಮ್ಮೆ ಸೇವ್ ಕೊಟ್ಟೆ, ಬ್ಯಾಕ್‌ನಲ್ಲಿ ಕಂಬ ಇದ್ದವು. ಬೇರೆ ಕಡೆ ಒಂದು ಗೆರೆ ಎಳೆದು ಮತ್ತೆ ಸೇವ್ ಕೊಟ್ಟೆ, ಅಲ್ಲೂ ಕಂಬ ಮಾಯ. ನಮ್ಮ ಹಾಗೆ ಮಾತಿಗೊಮ್ಮೆ ಕಂಟ್ರೋಲ್ ಎಸ್ ಒತ್ತುವವರಿಗೆ ಇದು ಸಾಲದು.

ಹಾಗಾಗಿ ಈಗ ದಿನ ಕೂತ ಕೂಡಲೇ ಮೊದಲು ಸೇವ್ ಆಸ್. ಹೆಸರಲ್ಲಿ ವರ್ಷ, ತಿಂಗಳು, ದಿನ, ಅದೇ ಕ್ರಮದಲ್ಲಿ. ಆಗ ಪಟ್ಟಿ ತಾನೇ ಸಾಲಾಗಿ ನಿಲ್ಲುತ್ತೆ. ಸೇವ್ ಆಸ್ ಆದ ಮೇಲೆ ಕೆಲಸ ಹೊಸ ಫೈಲ್‌ನಲ್ಲಿ ನಡೆಯುತ್ತೆ, ನಿನ್ನೆಯದು ಮುಟ್ಟದೆ ಉಳಿಯುತ್ತೆ. ಗೋಡೆ, ಕಂಬ ಇರುವ ಲೇಯರ್‌ಗಳಿಗೆ (ನಕ್ಷೆಯ ಬೇರೆಬೇರೆ ಪದರಗಳಿಗೆ) ಬೀಗ. ಡೈಮೆನ್ಷನ್ ಅಳಿಸುವಾಗ ಮೌಸ್‌ನಲ್ಲಿ ಚೌಕ ಎಳೆದು ಎಲ್ಲವನ್ನೂ ಆರಿಸಿದರೂ ಅವು ಅಲುಗುವುದಿಲ್ಲ.

ಸಂಜೆ ಪೆನ್‌ಡ್ರೈವ್‌ಗೆ ಒಂದು ಕಾಪಿ, ನೆಟ್ ಇದ್ದರೆ ಆನ್‌ಲೈನ್ ಡ್ರೈವ್‌ಗೂ. ಪೆನ್‌ಡ್ರೈವ್ ಮೇಲೇ ಡ್ರಾಯಿಂಗ್ ತೆರೆದು ಕೆಲಸ ಮಾಡುವವರನ್ನು ನೋಡಿದ್ದೇನೆ, ಎದೆ ಝಲ್ ಅನ್ನುತ್ತೆ.

ಆ ಮನೆಯ ಅಜ್ಜ ಇದನ್ನೆಲ್ಲ ಕೇಳಿ, "ಪುಸ್ತಕದಲ್ಲೂ ಬರೆದಿಟ್ಟಿದ್ದೀಯಲ್ಲ ಮಗಾ?" ಅಂದರು. ಬರೆದಿದ್ದೇನೆ. ಪೆನ್ಸಿಲ್‌ನಲ್ಲಿ, ಇಂಕ್ ಆದರೆ ನೀರು ಬಿದ್ದ ಕೂಡಲೇ ಹರಡಿಬಿಡುತ್ತೆ. ಪ್ರತಿ ಕೋಣೆಗೆ ನಾಲ್ಕು ಗೋಡೆಯ ಅಳತೆ ಜೊತೆಗೆ ಮೂಲೆಯಿಂದ ಮೂಲೆಗೂ ಟೇಪ್ ಹಿಡಿದ ಅಳತೆ ಇದೆ. ಹಳೆಯ ಮನೆಯ ಮೂಲೆ ನೇರ ಇರೋದು ಕಮ್ಮಿ. ಈ ಅಡ್ಡ ಅಳತೆ ಇದ್ದರೆ ಫೈಲ್ ಪೂರ್ತಿ ಹೋದರೂ ಪ್ಲ್ಯಾನ್ ಮತ್ತೆ ಕಟ್ಟಬಹುದು, ಮನೆಯವರಿಗೆ ತೊಂದರೆ ಕೊಡದೆ. ಪುಟಗಳ ಫೋಟೋ ಫೋನಲ್ಲಿದೆ.

ಇನ್ನು ಸೂರಿನ ಸೆಕ್ಷನ್, ಅಂದರೆ ಅಡ್ಡಕ್ಕೆ ಸೀಳಿದಂತೆ ತೋರಿಸುವ ನಕ್ಷೆ. ಅಟ್ಟ ಹತ್ತಿ ಪಕಾಸಿಗಳನ್ನು ಅಳೆಯೋದು ಮಳೆ ಬಿಟ್ಟ ಮೇಲೆ. ಅದನ್ನು ಬೇರೆ ಫೈಲ್‌ನಲ್ಲೇ ಬರೆದು, ಪ್ಲ್ಯಾನನ್ನು ಎಕ್ಸ್‌ರೆಫ್ ಆಗಿ, ಅಂದರೆ ಹೊರಗಿನ ಫೈಲ್ ಆಗಿಯೇ ಜೋಡಿಸಿ, ತರುತ್ತೇನೆ. ಸದ್ಯಕ್ಕೆ ಎಲಿವೇಶನ್ ಮುಗಿಸೋಣ, ಕಂಬದ ಕೆತ್ತನೆ ಎಷ್ಟು ವಿವರವಾಗಿ ಬರೆಯಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.