ಟೆಂಪ್ಲೇಟ್‌ನಿಂದ ಪ್ಲೇಬುಕ್: ಸಾಫ್ಟ್‌ವೇರ್ ಬರೆದುಕೊಟ್ಟ ಮೇಲೆ ಉಳಿಯುವ ಕೆಲಸ

ಕರಾರು ಪರಿಶೀಲಿಸುವ ಸಾಫ್ಟ್‌ವೇರ್‌ಗೆ ನಿಮ್ಮ ಟೆಂಪ್ಲೇಟ್ (ನಿಮ್ಮ ಕಡೆಯ ಮಾದರಿ ಕರಾರು) ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಉದ್ದನೆಯ ನಿಯಮಪಟ್ಟಿ ಸಿದ್ಧವಾಗುತ್ತದೆ. ಮುಂದೆ ಬರುವ ಕರಾರುಗಳನ್ನು ಹೋಲಿಸಿ ನೋಡಲು ಬಳಸುವ ಈ ಪಟ್ಟಿಯೇ ಪ್ಲೇಬುಕ್. ಅದರಲ್ಲಿರುವುದು ನಮಗೇನು ಬೇಕು ಎಂಬುದಷ್ಟೇ. ಎದುರು ಪಾರ್ಟಿ ಪಟ್ಟು ಹಿಡಿದರೆ ಎಲ್ಲಿಯವರೆಗೆ ಬಗ್ಗಬಹುದು ಎಂಬುದನ್ನು ಯಾರೂ ಟೆಂಪ್ಲೇಟ್‌ನಲ್ಲಿ ಬರೆದಿಟ್ಟಿರುವುದಿಲ್ಲ. ಅದು ಸಿಗುವುದು ಸಹಿಯಾದ ಹಳೆಯ ಕರಾರುಗಳಲ್ಲಿ. ಅದೇ ಬಗೆಯ ಹತ್ತು ಹದಿನೈದನ್ನಾದರೂ ಪಕ್ಕದಲ್ಲಿಟ್ಟುಕೊಂಡು ಕೂತರೆ ಒಳ್ಳೆಯದು.

ಮೊದಲು ಫೈಲ್ ಚೊಕ್ಕ ಮಾಡಿ. ಟ್ರ್ಯಾಕ್ ಚೇಂಜಸ್ ಎಲ್ಲ ಅಕ್ಸೆಪ್ಟ್ ಮಾಡಿ, ಕಾಮೆಂಟ್ ಅಳಿಸಿ. ‘[30/45] ದಿನ’ ಅಂತ ಆವರಣದಲ್ಲಿ ಬಿಟ್ಟಿದ್ದರೆ ಯಾವುದು ನಮ್ಮ ನಿಲುವು ಎಂದು ಸಾಫ್ಟ್‌ವೇರ್‌ಗೆ ತಿಳಿಯದು. ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ, ವರ್ಡ್ ಫೈಲೇ ಇರಲಿ. ಕಲಮುಗಳ ಸಂಖ್ಯೆ ಕೆಟ್ಟರೆ ‘ಕಲಮು 9ರ ಪ್ರಕಾರ’ ಎಂಬುದು ಎಲ್ಲಿಗೋ ಹೋಗುತ್ತದೆ. ಅನುಬಂಧಗಳನ್ನೂ ಸೇರಿಸಿ. ನಾವು ಕೊಳ್ಳುವ ಕರಾರಿಗೂ ಮಾರುವ ಕರಾರಿಗೂ ಪ್ಲೇಬುಕ್ ಬೇರೆ ಬೇರೆ.

ಹೊಣೆಗಾರಿಕೆ ಮಿತಿಯ ಕಲಮನ್ನೇ ನೋಡಿ, ಅಂದರೆ ನಷ್ಟವಾದರೆ ಹೆಚ್ಚೆಂದರೆ ಎಷ್ಟು ಪರಿಹಾರ ಕೊಡಬೇಕು ಎಂದು ಹೇಳುವ ಕಲಮು. ನಾವು ಸೇವೆ ಕೊಡುವವರು ಅಂದುಕೊಳ್ಳಿ. ಸಾಫ್ಟ್‌ವೇರ್ ಬರೆಯುವುದು: ‘ಮಿತಿ 12 ತಿಂಗಳ ಶುಲ್ಕವನ್ನು ಮೀರಬಾರದು.’ ಪಾವತಿಯಾದ ಶುಲ್ಕವೋ, ಪಾವತಿಸಬೇಕಾದದ್ದೋ? ಕರಾರಾದ ಮೂರನೇ ತಿಂಗಳಲ್ಲೇ ತಕರಾರು ಬಂದರೆ ಎರಡಕ್ಕೂ ಅಜಗಜಾಂತರ. ಗೋಪ್ಯತೆ ಉಲ್ಲಂಘನೆ, ವಂಚನೆ ಈ ಮಿತಿಯ ಒಳಗೋ ಹೊರಗೋ? ಇದನ್ನು ಒಡೆದು ಬರೆಯಬೇಕು. ಬಯಸುವುದು: 12 ತಿಂಗಳು. ಬಗ್ಗಬಹುದಾದದ್ದು: 18 ತಿಂಗಳವರೆಗೆ, ಪರಿಶೀಲಿಸುವವರೇ ಒಪ್ಪಬಹುದು. 24 ಕೇಳಿದರೆ ಹಣಕಾಸು ಮುಖ್ಯಸ್ಥರ ಒಪ್ಪಿಗೆ. ಮಿತಿಯೇ ಬೇಡ ಎಂದರೆ ಒಪ್ಪುವಂತಿಲ್ಲ. ಪ್ರತಿ ಹಂತಕ್ಕೂ ಅಂಟಿಸಲು ಸಿದ್ಧವಾದ ವಾಕ್ಯವನ್ನೂ ಇಡಿ. ಇಲ್ಲದಿದ್ದರೆ ಸಾಫ್ಟ್‌ವೇರ್ ತನ್ನದೇ ಮಾತು ಹೆಣೆದು, ಕರಾರಿನಲ್ಲಿ ‘ಖರೀದಿದಾರ’ ಎಂದಿರುವ ಕಡೆ ‘ಗ್ರಾಹಕ’ ಎಂದು ತುರುಕಿಬಿಡಬಹುದು.

‘ಕಲಮು ನ್ಯಾಯಯುತವಾಗಿದೆಯೇ’ ಎಂಬ ನಿಯಮದಿಂದ ಪ್ರಯೋಜನವಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸುವಂತಿರಲಿ. ಕಲಮು ಇದೆಯೇ ಎಂಬುದು ಒಂದು ನಿಯಮ, ಅದರಲ್ಲಿ ಏನಿದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಸಾಲಿಗೆ ಹೊಲಿದರೆ, ಕಲಮು ಇದೆ ಎಂಬಷ್ಟಕ್ಕೇ ಪಾಸಾಗುವ ಅಪಾಯವಿದೆ.

ನಿಯಮಗಳನ್ನು ಪರೀಕ್ಷಿಸಲು, ಮೊದಲು ಟೆಂಪ್ಲೇಟನ್ನೇ ಅವುಗಳಿಗೆ ಹೋಲಿಸಿ ಓಡಿಸಿ. ಒಂದೂ ತಕರಾರು ಬರಬಾರದು. ಬಂದರೆ ನಿಯಮ ತಪ್ಪಾಗಿದೆ, ಇಲ್ಲವೇ ಟೆಂಪ್ಲೇಟೇ ತನ್ನೊಳಗೆ ಜಗಳವಾಡುತ್ತಿದೆ (ಎರಡನೆಯದೂ ಅಪರೂಪವಲ್ಲ). ಆಮೇಲೆ ಒಂದು ಪ್ರತಿಯನ್ನು ಬೇಕಂತಲೇ ಕೆಡಿಸಿ: ಪಾವತಿ ಅವಧಿ 30 ದಿನವನ್ನು 90 ಮಾಡಿ, ಗೋಪ್ಯತೆಯ ಕಲಮು ತೆಗೆದುಹಾಕಿ, ಮಿತಿಯ ಕಲಮನ್ನು ಮುಟ್ಟದೆ ವ್ಯಾಖ್ಯೆಗಳ ಭಾಗದಲ್ಲಿ ‘ಶುಲ್ಕ’ದ ಅರ್ಥವನ್ನಷ್ಟೇ ಬದಲಿಸಿ. ಮೊದಲ ಎರಡು ಸುಲಭವಾಗಿ ಸಿಕ್ಕಿಬೀಳುತ್ತವೆ. ಮೂರನೆಯದು ನುಸುಳಿಕೊಂಡರೆ, ಮಿತಿಯ ನಿಯಮದಲ್ಲೇ ‘ಶುಲ್ಕದ ವ್ಯಾಖ್ಯೆಯನ್ನೂ ಓದು’ ಎಂದು ಸೇರಿಸಿ.

ಬಳಕೆಗೆ ಬಂದು ಮೂರು ತಿಂಗಳಾದ ಮೇಲೆ, ಪ್ರತಿ ಕರಾರಿನಲ್ಲೂ ಸಾಫ್ಟ್‌ವೇರ್ ತಪ್ಪೆಂದು ಕೆಂಪು ಗುರುತು ಹಾಕಿ, ಪ್ರತಿ ಸಲವೂ ನಾವೇ ಬಿಟ್ಟುಕೊಟ್ಟ ನಿಯಮಗಳನ್ನು ಹುಡುಕಿ. ಅವನ್ನು ‘ಬಗ್ಗಬಹುದು’ ಸಾಲಿಗೆ ಇಳಿಸಿ, ಸಾಧ್ಯವಾದರೆ ಟೆಂಪ್ಲೇಟನ್ನೂ ತಿದ್ದಿ.